ದೇವರ ಕೋಣೆಯ ಗೂಡಿನಲ್ಲಿ ಕಾರ್ಬೀನು

ನನ್ನ ನಾದಿನಿ ಐದು ವರ್ಷ ಮಾಡಿದ ಸಂಶೋಧನೆ ಯಾವುದರ ಮೇಲೆ ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಡವರಿಸದೆ ಹೇಳುತ್ತೇನೆ: ಲೋಹದ ಕಾರ್ಬೊನಿಲ್ ಗೊಂಚಲಿನಲ್ಲಿ ಕಾರ್ಬೀನನ್ನು ಹೇಗೆ ಕೂರಿಸುವುದು, ಕೂತ ಮೇಲೆ ಅದು ಏನೇನು ಕಿತಾಪತಿ ಮಾಡುತ್ತದೆ ಎಂಬುದರ ಮೇಲೆ. ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ನನ್ನ ಕೈಯಲ್ಲಿರುವ ಸೌಟು ನೋಡುತ್ತಾರೆ. ಪಿಯುಸಿಯಲ್ಲಿ ಕೆಮಿಸ್ಟ್ರಿಯನ್ನು ಎರಡನೇ ಸಲಕ್ಕೆ, ಅದೂ ಗಣಪತಿಗೆ ಇಪ್ಪತ್ತೊಂದು ಕಾಯಿ ಹರಕೆ ಹೊತ್ತು ಪಾಸು ಮಾಡಿದವಳು ನಾನು. ಆದರೆ ಈ ಒಂದು ವಿಷಯ ನನಗೆ ಬಾಯಿಪಾಠ. ಅದರಲ್ಲಿ ನನ್ನದೂ ಒಂದು ತಪ್ಪಿದೆ. ಆ ತಪ್ಪನ್ನು ದೇವರು ತನ್ನದೇ ರೀತಿಯಲ್ಲಿ ಸರಿಮಾಡಿಕೊಟ್ಟ.

ತೊಂಬತ್ತರ ದಶಕದ ಕೊನೆಯ ಮಾತು. ಬಸವನಗುಡಿಯ ನಮ್ಮ ಹೆಂಚಿನ ಮನೆಯಲ್ಲಿ ಆಗ ಅತ್ತೆ, ಮಾವ, ನನ್ನ ಯಜಮಾನರು, ಅವರ ತಂಗಿ, ನಾನು ಇದ್ದೆವು. ನಾದಿನಿ ಊರಿನ ಆ ತುದಿಯ ಒಂದು ದೊಡ್ಡ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಬಸ್ಸಿನಲ್ಲಿ ಅವಳಿಗೆ ಸೀಟು ಸಿಗಲಿಲ್ಲ ಎನ್ನುವ ದಿನವೇ ಇರಲಿಲ್ಲ, ಏಕೆಂದರೆ ಅವಳು ಹತ್ತಿರ ಬಂದು ನಿಂತರೆ ಸೀಟಿನಲ್ಲಿ ಕೂತವರು ಮುಂದಿನ ಸ್ಟಾಪಿನಲ್ಲಿ ಎದ್ದು ಹೋಗುತ್ತಿದ್ದರು.

ಅವಳು ಬಳಸುತ್ತಿದ್ದ ಒಂದು ವಸ್ತುವಿನ ಹೆಸರು ಐಸೊಸಯನೈಡು. ಹೆಸರಿನ ಬಾಲ ಕೇಳಿಯೇ ಮಾವನವರು ಒಮ್ಮೆ ಊಟದ ಎಲೆಯಿಂದ ಎದ್ದುಬಿಟ್ಟಿದ್ದರು. ಹೆಸರಿನಷ್ಟು ಭಯ ಬೇಡ, ಅದರ ನಾತಕ್ಕೆ ಮಾತ್ರ ಹೆದರಬೇಕು ಎಂದು ಅವಳು ಸಮಾಧಾನ ಹೇಳಿದ್ದಳು. ಆ ನಾತವನ್ನು ಹೇಗೆ ಹೇಳಲಿ? ಕೊಳೆತ ಈರುಳ್ಳಿ ಮೂಟೆಯ ಮೇಲೆ ಯಾರೋ ಹಳೇ ಸೀಮೆಎಣ್ಣೆ ಸುರಿದ ಹಾಗೆ. ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟದ ಮನೆ ನಮ್ಮದು. ಅವಳ ದುಪಟ್ಟಾ ಹಿತ್ತಲಿನಲ್ಲಿ ಒಣಗುತ್ತಿದ್ದರೆ ಗೋಡೆಯ ಆಚೆಯ ಮನೆಯಾಕೆ, "ಏನ್ರೀ, ನಿಮ್ಮನೇಲೂ ಶುರುವಾಯ್ತಾ?" ಎಂದು ಕಣ್ಣು ಹೊಡೆಯುತ್ತಿದ್ದರು. ಅತ್ತೆ ಮಗಳನ್ನು ಮುಂಬಾಗಿಲಿನಿಂದ ಒಳಗೆ ಬಿಡುತ್ತಲೇ ಇರಲಿಲ್ಲ. ಹಿತ್ತಲಿಂದ ಬಂದು, ಬಚ್ಚಲಿಗೆ ಹೋಗಿ, ಸೀಗೆಪುಡಿ ಹಾಕಿ ತಲೆಗೆ ಸ್ನಾನ ಮಾಡಿದ ಮೇಲೆಯೇ ಕಾಫಿ.

ಅವಳು ಮಾಡುತ್ತಿದ್ದುದು ಏನು ಎಂದು ನನಗೆ ಅರ್ಥವಾದದ್ದು ಅವರೆಕಾಯಿ ಬಿಡಿಸುವಾಗ. ಒಂದು ಭಾನುವಾರ ಮೊರದ ಮುಂದೆ ಕೂತು ಅವಳು ಮೂರು ನಿಂಬೆಹಣ್ಣನ್ನು ಒಂದಕ್ಕೊಂದು ತಾಗಿಸಿ ನೆಲದ ಮೇಲಿಟ್ಟಳು.

"ಅತ್ತಿಗೆ, ಇದು ಆಸ್ಮಿಯಂ. ತೂಕದ ಲೋಹ, ದುಬಾರಿ. ಮೂರು ಜನ ಅಣ್ಣತಮ್ಮಂದಿರು ಅಂದ್ಕೊಳ್ಳಿ, ಕೈ ಕೈ ಹಿಡ್ಕೊಂಡಿದಾರೆ." ಒಂದೊಂದು ನಿಂಬೆಹಣ್ಣಿನ ಸುತ್ತ ನಾಲ್ಕು ನಾಲ್ಕು ಅವರೆಕಾಳು ಜೋಡಿಸಿದಳು. "ಇವು ಹನ್ನೆರಡು ಸಿ-ಓ. ಬಚ್ಚಲಲ್ಲಿ ಬಾಗಿಲು ಮುಚ್ಚಿ ಇದ್ದಿಲು ಉರಿಸಿದ್ರೆ ಜೀವ ತೆಗೆಯುತ್ತಲ್ಲ, ಅದೇ ಗಾಳಿ. ಲೋಹಕ್ಕೆ ಅಂಟ್ಕೊಂಡ್ರೆ ಸಾಧು."

"ಮದುವೆಯಾದ ಮೇಲೆ ಸಾಧುವಾದ ಹಾಗೆ."

"ಹೂಂ. ಈಗ ಒಂದು ಕಾಳು ತೆಗೀತೀನಿ. ಆ ಜಾಗಕ್ಕೆ ನನ್ನ ನಾರೋ ಐಸೊಸಯನೈಡು. ಅದು ಕೂತ್ಮೇಲೆ ಅಮೀನು ಅಂತ ಇನ್ನೊಂದನ್ನ ತಂದು ಅದರ ಮೇಲೆ ಬಿಡ್ತೀನಿ. ಎರಡೂ ಸೇರಿ ಕಾರ್ಬೀನು ಆಗುತ್ತೆ. ನಾತನೂ ಹೋಗುತ್ತೆ."

"ಕಾರ್ಬೀನು ಅಂದ್ರೇನೇ?"

"ಇಂಗಾಲಕ್ಕೆ ನಾಲ್ಕು ಕೈ. ಕಾರ್ಬೀನಿನಲ್ಲಿ ಎರಡು ಕೈಗೆ ಮಾತ್ರ ಕೆಲಸ. ಒಂಟಿಯಾಗಿ ಬಿಟ್ರೆ ಎದುರಿಗೆ ಸಿಕ್ಕಿದ್ದನ್ನೆಲ್ಲ ಹಿಡ್ಕೊಳ್ಳುತ್ತೆ. ಲೋಹದ ಪಕ್ಕ ಕೂರಿಸಿದ್ರೆ ಮರ್ಯಾದೆಯಾಗಿರುತ್ತೆ."

"ಭಾನುವಾರ ನಿಮ್ಮಣ್ಣ ಅಡುಗೆಮನೆಗೆ ಬಂದು ಡಬ್ಬಿಗಳನ್ನೆಲ್ಲ ತೆಗೆದು ನೋಡ್ತಾರಲ್ಲ, ಹಾಗೆ."

ಅವಳು ನಕ್ಕಳು. ಆಮೇಲೆ ಗಂಭೀರವಾದಳು. ಈ ಗೊಂಚಲನ್ನು ಬಿಸಿ ಮಾಡಿದರೆ ಕಾರ್ಬೀನು ತನ್ನ ಲೋಹದ ಹತ್ತಿರ ಸುಮ್ಮನೆ ಕೂರುವುದಿಲ್ಲ, ತನಗಂಟಿದ ಅಮೀನಿನ ಬಾಲ ಚಾಚಿ ಪಕ್ಕದ ಲೋಹವನ್ನೂ ಹಿಡಿದುಕೊಳ್ಳುತ್ತದೆ ಎಂಬುದು ಅವಳ ವಾದ. ಯಂತ್ರಗಳು ಕೊಟ್ಟ ಗೆರೆಗಳನ್ನು ನೋಡಿ ಅವಳು ಹಾಗೆ ಊಹಿಸಿದ್ದಳು. ಅವಳ ಗೈಡು, ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದವರು, ಒಪ್ಪಿರಲಿಲ್ಲ. "ಗೆರೆ ಸಾಕ್ಷಿ ಹೇಳುತ್ತೆ ಕಣಮ್ಮ, ತೀರ್ಪು ಕೊಡೋಲ್ಲ. ಹರಳು ತಾ, ಆಮೇಲೆ ಮಾತಾಡು" ಎಂದಿದ್ದರಂತೆ. ಹರಳು ಸಿಕ್ಕರೆ ಎಕ್ಸ್-ರೇ ಯಂತ್ರದಲ್ಲಿಟ್ಟು ಯಾವ ಪರಮಾಣು ಎಲ್ಲಿ ಕೂತಿದೆ ಎಂಬ ಚಿತ್ರವನ್ನೇ ತೆಗೆಯಬಹುದು. ಅವಳಿಗೆ ಕೊಟ್ಟಿದ್ದ ಕೊನೆಯ ಗಡುವು ಜನವರಿ ಮುಗಿಯುವುದರೊಳಗೆ. ಹರಳಿಲ್ಲದಿದ್ದರೆ ಆ ಅಧ್ಯಾಯವಿಲ್ಲ, ಆ ಅಧ್ಯಾಯವಿಲ್ಲದೆ ಥೀಸಿಸ್ಸಿಗೆ ಮೇಷ್ಟ್ರು ಸಹಿ ಹಾಕುವುದಿಲ್ಲ.

ಹರಳು ಮಾತ್ರ ಬರುತ್ತಿರಲಿಲ್ಲ. ನಾಲ್ಕು ಸಲ ಮಾಡಿದ್ದಳು. ಒಮ್ಮೆ ಎಣ್ಣೆಯಾಯಿತು, ಮೂರು ಸಲ ಚಿರೋಟಿ ರವೆಯ ಹಾಗೆ ಪುಡಿ ಉದುರಿತು. ಲ್ಯಾಬಿನಲ್ಲಿ ಹಗಲೂ ರಾತ್ರಿ ಪಂಪುಗಳು ನಡುಗುತ್ತಿದ್ದವು. ಫ್ರಿಜ್ಜಿನ ಬಾಗಿಲನ್ನು ದಿನಕ್ಕೆ ನೂರು ಜನ ತೆಗೆಯುತ್ತಿದ್ದರು. ಇದೆಲ್ಲ ಅವಳು ಹೇಳಿದ ಕಾರಣ. ನನಗೆ ಗೊತ್ತಿದ್ದ ಕಾರಣ ಬೇರೆ. ಹೆಪ್ಪು ಹಾಕಿದ ಹಾಲನ್ನು ಬೆರಳು ಹಾಕಿ ಹಾಕಿ ನೋಡುವ ಜಾತಿ ಅವಳು. ಇಡ್ಲಿ ಬೇಯುವಾಗ ಅವಳನ್ನು ಒಲೆಯ ಮುಂದೆ ನಿಲ್ಲಿಸಿದರೆ ಮೂರು ಸಲ ಮುಚ್ಚಳ ತೆಗೆಯುತ್ತಿದ್ದಳು.

"ಪಾಕ ಕಲಕಿದ್ರೆ ಪುಡಿಯಾಗುತ್ತೆ, ಸುಮ್ನೆ ಬಿಟ್ರೆ ಕಲ್ಲುಸಕ್ಕರೆ ಆಗುತ್ತೆ. ನೀನು ದಿನಕ್ಕೆ ಎಷ್ಟು ಸಲ ಎತ್ತಿ ನೋಡ್ತೀಯಾ?" ಎಂದು ಕೇಳಿದೆ.

"ಜಾಸ್ತಿ ಏನಿಲ್ಲ."

"ಎಷ್ಟು?"

"ಗಂಟೆಗೊಂದ್ಸಲ."

ಆಗ ನನ್ನ ಬಾಯಿಂದ ಆ ಮಾತು ಬಂತು. "ನಮ್ಮ ದೇವರ ಕೋಣೇಲಿ ಇಡೇ."

ನಮ್ಮ ದೇವರ ಕೋಣೆ ಮನೆಯ ನಡುಮಧ್ಯದಲ್ಲಿತ್ತು. ಗೋಡೆ ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು, ಆಗಂತೂ ಡಿಸೆಂಬರು. ದೇವರ ಮಂಟಪ ಒಂದು ಕಡೆ. ಅದರ ಎದುರು ಮೂಲೆಯ ಗೋಡೆಯೊಳಗೆ ಒಂದು ಗೂಡು. ಅದರಲ್ಲಿ ಹಳೇ ಪಂಚಾಂಗಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಬಾಟಲಿಯೊಳಗಿನ ದ್ರವ ಬೆಂಕಿಗೆ ಆಗದು, ದೀಪದಿಂದ ದೂರ ಇರಬೇಕು ಎಂದಳು. ಗೂಡು ದೂರವೇ ಇತ್ತು. ಎಲ್ಲಕ್ಕಿಂತ ದೊಡ್ಡ ಅನುಕೂಲವೆಂದರೆ ಸ್ನಾನ ಮಾಡಿ ಮಡಿಯುಟ್ಟ ಹೊರತು ಆ ಕೋಣೆಗೆ ಯಾರೂ ಕಾಲಿಡುವಂತಿಲ್ಲ. ಗಂಟೆಗೊಂದು ಸಲ ಹೋಗಿ ನೋಡಬೇಕಾದರೆ ಗಂಟೆಗೊಂದು ಸ್ನಾನ ಮಾಡಬೇಕು. ಅಷ್ಟು ನೀರು ನಮ್ಮ ಬೀದಿಗೇ ಬರುತ್ತಿರಲಿಲ್ಲ.

ಅತ್ತೆಗೆ ಹೇಳಲಿಲ್ಲ. ಅದೇ ನನ್ನ ತಪ್ಪು.

ಭಾನುವಾರ ಸಂಜೆ ಅವಳು ಹೆಬ್ಬೆರಳುದ್ದದ ಗಾಜಿನ ಬಾಟಲಿ ತಂದಳು. ತಳದಲ್ಲಿ ಆ ಬಿಸಿ ಮಾಡಿದ ಗೊಂಚಲು ಕರಗಿದ ಕಿತ್ತಳೆ ಬಣ್ಣದ ದ್ರವ, ಮೇಲೆ ನೀರಿನಂತೆ ತಿಳಿಯಾದ ಇನ್ನೊಂದು, ಎರಡರ ನಡುವೆ ಕೂದಲೆಳೆಯಷ್ಟು ಗೆರೆ. ಮೇಲಿನದು ನಿಧಾನವಾಗಿ ಕೆಳಗಿಳಿದಷ್ಟೂ ಹರಳು ಕಟ್ಟಬೇಕು. ಅಲುಗಿಸಿದರೆ ಎರಡೂ ಒಟ್ಟಿಗೆ ಬೆರೆತು ರವೆ. ಸ್ನಾನ ಮಾಡಿ ಬಂದು, ಬಾಟಲಿಯ ಹೊರಮೈಯನ್ನೂ ತೊಳೆದು, ಉಸಿರು ಬಿಗಿಹಿಡಿದು ಗೂಡಿನಲ್ಲಿಟ್ಟಳು. ನಾನು ಮನಸ್ಸಿನಲ್ಲಿ ದೇವರಿಗೆ ಒಂದು ವಿವರಣೆ ಒಪ್ಪಿಸಿದೆ: ಇದರಲ್ಲಿ ಎಂಜಲಿಲ್ಲ, ಮಾಂಸವಿಲ್ಲ, ನೀನೇ ಮಾಡಿದ ಲೋಹ, ನೀನೇ ಮಾಡಿದ ಇಂಗಾಲ, ಈ ಹುಡುಗಿ ಸ್ವಲ್ಪ ಕಲಸಿದ್ದಾಳೆ ಅಷ್ಟೆ.

ಆಗ ಧನುರ್ಮಾಸ. ಅತ್ತೆ ನಸುಕಿನಲ್ಲೇ ಎದ್ದು ಪೂಜೆ ಮಾಡಿ ಹುಗ್ಗಿ ನೈವೇದ್ಯ ಮಾಡುವ ತಿಂಗಳು. ಸೋಮವಾರ ಸೂರ್ಯ ಹುಟ್ಟುವ ಮುಂಚೆ ಬಚ್ಚಲಿನಲ್ಲಿ ನೀರಿನ ಸದ್ದು. ನೋಡಿದರೆ ನಾದಿನಿ! ಒದ್ದೆ ಕೂದಲಿಗೆ ಟವೆಲು ಸುತ್ತಿ, ಮಡಿಸೀರೆಯುಟ್ಟು ನಡುಗುತ್ತಾ ದೇವರ ಕೋಣೆಗೆ ಹೋದಳು. ಸಂಜೆ ಬಂದ ಕೂಡಲೆ ಮತ್ತೆ ಸ್ನಾನ, ಮತ್ತೆ ದೇವರ ಕೋಣೆ. ಮಂಗಳವಾರವೂ ಅದೇ. ಅತ್ತೆಯ ಕಣ್ಣಿನಲ್ಲಿ ನೀರು.

"ನೋಡಿದ್ಯಾ? ದೀಪದ ಬತ್ತಿ ಹೊಸೆಯೋಕೆ ಕರೆದ್ರೆ ಓಡಿಹೋಗ್ತಿದ್ದೋಳು. ಅರ್ಧ ಗಂಟೆ ಅಲ್ಲಾಡದೆ ನಿಂತಿದ್ಲು ಕಣೇ, ಕಣ್ಣು ರೆಪ್ಪೆ ಹೊಡೀಲಿಲ್ಲ."

"ಹೂಂ ಅತ್ತೆ."

"ಆದ್ರೆ ದೇವರ ಕಡೆ ಬೆನ್ನು ಮಾಡ್ಕೊಂಡು ನಿಂತಿದ್ಲು. ಅದ್ಯಾಕೆ?"

"ಸಂಕೋಚ ಇರಬೇಕು" ಎಂದೆ. ಬಾಣಲೆ ಮಸಿ ತಿಕ್ಕುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಮೂರು ಮನೆಗಳಿಗೆ ಸುದ್ದಿ ಹೋಗಿತ್ತು: ಪಿಎಚ್‌ಡಿ ಮಾಡುವ ಹುಡುಗಿಗೆ ಭಕ್ತಿ ಬಂದಿದೆ. ಗೋಡೆಯಾಚೆಯ ಆಕೆ ತನ್ನ ಮಗಳಿಗೆ ನಮ್ಮ ನಾದಿನಿಯನ್ನು ತೋರಿಸಿ ಬುದ್ಧಿ ಹೇಳಿದರು.

ಬುಧವಾರ ಬೆಳಿಗ್ಗೆ ಫೋನು ಬಂತು. ಹಾಸನದ ಕಡೆಯಲ್ಲಿ ಮಾವನವರ ದಾಯಾದಿಯೊಬ್ಬರು ತೀರಿಕೊಂಡಿದ್ದರು. ತುಂಬು ವಯಸ್ಸು, ನಿದ್ದೆಯಲ್ಲಿ ಹೋದರು. ನಾನು ಅವರನ್ನು ಕಂಡವಳಲ್ಲ. ಅತ್ತೆ ಒಮ್ಮೆ ಕಂಡಿದ್ದರಂತೆ, ಅತ್ತೆಯ ಮದುವೆಯಲ್ಲಿ, ಸಾರಿಗೆ ಉಪ್ಪು ಕಡಿಮೆ ಎಂದು ಎಲೆ ಬಿಟ್ಟು ಎದ್ದ ವ್ಯಕ್ತಿ. ಕಂಡರೂ ಕಾಣದಿದ್ದರೂ ಒಂದೇ ವಂಶ, ಹಾಗಾಗಿ ಹತ್ತು ದಿನ ಸೂತಕ. ಹತ್ತು ದಿನ ಪೂಜೆಯಿಲ್ಲ, ದೀಪವಿಲ್ಲ, ದೇವರನ್ನು ನಮ್ಮಲ್ಲಿ ಯಾರೂ ಮುಟ್ಟುವಂತಿಲ್ಲ. ಪಕ್ಕದ ಬೀದಿಯ ಶಾಸ್ತ್ರಿಗಳು ಬಂದು ದೇವರ ಪೆಟ್ಟಿಗೆಯನ್ನು ತಮ್ಮ ಮನೆಗೆ ಪೂಜೆಗೆ ತೆಗೆದುಕೊಂಡು ಹೋದರು. ಅತ್ತೆ ಕಣ್ಣೊರೆಸಿಕೊಂಡು ಕೋಣೆಗೆ ಬೀಗ ಜಡಿಸಿ, ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. ಧನುರ್ಮಾಸದ ಹತ್ತು ದಿನದ ಪೂಜೆ ಹೋಯಿತಲ್ಲ ಎಂಬುದು ಅವರ ಸಂಕಟ.

ನನ್ನ ಸಂಕಟ ಒಳಗೆ ಗೂಡಿನಲ್ಲಿತ್ತು.

ಸಂಜೆ ಬಂದ ನಾದಿನಿ ಸ್ನಾನ ಮುಗಿಸಿ ಹೋಗಿ ಬೀಗದ ಮುಂದೆ ನಿಂತಳು. ವಿಷಯ ತಿಳಿದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ಎಷ್ಟು ದಿನ?"

"ಹನ್ನೊಂದನೇ ದಿನ ಶುದ್ಧಿ. ಈ ಶನಿವಾರ ಅಲ್ಲ, ಮುಂದಿನ ಶನಿವಾರ" ಎಂದರು ಅತ್ತೆ. "ಪಾಪ, ಈಗ ತಾನೇ ಮನಸ್ಸು ದೇವರ ಕಡೆ ತಿರುಗಿತ್ತು. ಇರಲಿ ಬಿಡು, ಮನಸ್ಸಲ್ಲೇ ನೆನೆಸ್ಕೊ."

ನಾದಿನಿ ನನ್ನ ಕಡೆ ನೋಡಿದಳು. ಎಕ್ಸ್-ರೇ ಯಂತ್ರದಲ್ಲಿ ಅವಳ ಸರದಿ ಬರುವ ಬುಧವಾರ, ಸೂತಕದ ಎಂಟನೇ ದಿನ. ಆ ಸರದಿಗಾಗಿ ಅವಳು ಮೂರು ತಿಂಗಳು ಕಾದಿದ್ದಳು. ತಪ್ಪಿದರೆ ಮುಂದಿನದು ಮಾರ್ಚಿಗೆ. ಗಡುವು ಜನವರಿಗೆ.

"ಅಮ್ಮ, ಒಂದ್ನಿಮಿಷ ಕೀಲಿ ಕೊಡು. ಒಂದು ಸಣ್ಣ ಬಾಟ್ಲಿ ಇದೆ ಒಳಗೆ."

"ಎಂಥ ಬಾಟ್ಲಿ?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ನಾನೇ ಹೇಳಿದೆ. ಗೂಡು, ಬಾಟಲಿ, ನನ್ನ ಸಲಹೆ, ಎಲ್ಲ. ಅತ್ತೆ ಮಣೆಯ ಮೇಲೆ ಕೂತರು. ಮಗಳ ಭಕ್ತಿ ಎಲ್ಲಿ ನಿಂತು ಎತ್ತ ನೋಡುತ್ತಿತ್ತು ಎಂಬುದು ಅವರಿಗೆ ನಿಧಾನವಾಗಿ ಅರ್ಥವಾಯಿತು. ಮೂರು ಮನೆಗೆ ಹೇಳಿ ಬಂದದ್ದೂ ನೆನಪಾಗಿರಬೇಕು.

"ನೀನೂ ಸೇರ್ಕೊಂಡ್ಯಾ ಇವಳ ಜೊತೆ?" ಎಂದರು ನನಗೆ. ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಆಮೇಲೆ ಮಗಳ ಕಡೆ ತಿರುಗಿ, "ಅದರಲ್ಲಿ ಎಲುಬು ಗಿಲುಬು ಏನೂ ಇಲ್ಲ ತಾನೇ?"

"ಇಲ್ಲಮ್ಮ. ಲೋಹ. ಬೆಳ್ಳಿ ಬಂಗಾರದ ಥರ."

"ಆ ನಾತದ್ದು?"

"ನಾತ ಹೋದ್ಮೇಲೆ ಆಗೋದು ಇದು."

ಅತ್ತೆ ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡರು. "ಇದ್ದಲ್ಲೇ ಇರಲಿ. ಸೂತಕದಲ್ಲಿ ನಾನೂ ಹೋಗಲ್ಲ, ನಿನ್ನನ್ನೂ ಬಿಡಲ್ಲ. ದೇಶ ಮುಳುಗಿದ್ರೂ ಅಷ್ಟೆ."

ಅವರು ಹಟಮಾರಿಯಲ್ಲ. ಆ ಬೀಗವನ್ನು ನನಗೆ ಕೊಟ್ಟಿದ್ದರೆ ನಾನೂ ತೆಗೆಯುತ್ತಿರಲಿಲ್ಲ. ಮದುವೆಯಾಗಿ ಬಂದು ಹನ್ನೆರಡು ವರ್ಷ ಆ ಹೊಸಿಲಿಗೆ ಕುಂಕುಮವಿಟ್ಟ ಕೈ ಇದು. ಹಾಗೆಂದು ಆ ಹುಡುಗಿಯ ಮುಖ ನೋಡುವುದಕ್ಕೂ ಆಗುತ್ತಿರಲಿಲ್ಲ. ನಾನು ದಿನವೂ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸುವವಳು: ಇವತ್ತು ಹಾಲು ಒಡೆಯಲಿಲ್ಲ, ಗ್ಯಾಸ್ ಸಿಲಿಂಡರು ಹಬ್ಬದ ಮುಂಚೆ ಬಂತು, ಮಾವನವರ ಮಂಡಿ ನೋವು ಏಳಲಿಲ್ಲ. ಆ ವಾರ ಎಣಿಸಲು ಕೂತರೆ ಒಂದೇ ಸಿಕ್ಕಿದ್ದು. ಕೋಣೆಯ ಒಳಗೆ ಹೋಗಲು ಅವಳಿಂದಲೂ ಸಾಧ್ಯವಿಲ್ಲ. ಎತ್ತಿ ನೋಡುವುದಕ್ಕೂ ಆಗದು, ಅಲುಗಿಸುವುದಕ್ಕೂ ಆಗದು.

ಅವಳು ಪ್ರಯತ್ನ ಬಿಡಲಿಲ್ಲ. ಬೀಗದ ಕಿಂಡಿಯಲ್ಲಿ ಕಣ್ಣಿಟ್ಟಳು. ಸ್ಟೂಲು ಹತ್ತಿ ಬಾಗಿಲ ಮೇಲಿನ ಗಾಳಿಕಿಂಡಿಯಿಂದ ಟಾರ್ಚು ಬಿಟ್ಟಳು. ಪಂಚಾಂಗದ ಕಟ್ಟು ಕಂಡಿತು, ಬಾಟಲಿಯ ಮುಚ್ಚಳ ಕಂಡಿತು, ಅಷ್ಟೆ.

"ಶಾಸ್ತ್ರಿಗಳನ್ನ ಕರೆಸಿ ತೆಗೆಸ್ಬಹುದಲ್ವಾ ಅಮ್ಮ? ಅವರಿಗೆ ಸೂತಕ ಇಲ್ಲವಲ್ಲ."

"ಕರೆಸು, ನನ್ನದೇನು ಅಡ್ಡಿಯಿಲ್ಲ" ಎಂದರು ಅತ್ತೆ.

ಅಡ್ಡಿ ಇದ್ದದ್ದು ಶಾಸ್ತ್ರಿಗಳ ಕೈಯಲ್ಲಿ. ಅವರಿಗೆ ಎಂಬತ್ತು ದಾಟಿತ್ತು. ತೀರ್ಥ ಕೊಟ್ಟರೆ ಅರ್ಧ ಅಂಗೈಗೆ, ಅರ್ಧ ಸೆರಗಿಗೆ ಬೀಳುತ್ತಿತ್ತು. ಆ ನಡುಗುವ ಕೈಗೆ ಬಾಟಲಿ ಕೊಡುವುದಕ್ಕಿಂತ ಮಿಕ್ಸಿಗೆ ಹಾಕುವುದು ವಾಸಿ ಎಂದು ಇವಳು ಅಳತೊಡಗಿದಳು.

ಸೋಮವಾರ ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತಿದ್ದಾಗ ನನಗೆ ಒಂದು ಯೋಚನೆ ಬಂತು. ಮೇಷ್ಟ್ರ ಬಗ್ಗೆ ಅವಳು ಹಿಂದೊಮ್ಮೆ ತಮಾಷೆಗೆ ಹೇಳಿದ್ದು ನೆನಪಿತ್ತು. ಅವರು ಲಿಂಗ ಕಟ್ಟುವ ಮನೆತನದವರು, ಅಣ್ಣಂದಿರದು ಬಳೇಪೇಟೆಯಲ್ಲಿ ಸಗಟು ವ್ಯಾಪಾರ. ಫ್ಲಾಸ್ಕಿನ ಮೇಲೆ ಬಗ್ಗಿದಾಗ ಕೊರಳಿನ ಲಿಂಗದ ಕರಡಿಗೆ ತೂಗುತ್ತದೆಂದು ಅದನ್ನು ಶರ್ಟಿನ ಜೇಬಿಗೆ ಸೇರಿಸಿಕೊಂಡೇ ಕೆಲಸ ಶುರು ಮಾಡುತ್ತಾರಂತೆ.

"ನಿಮ್ಮ ಮೇಷ್ಟ್ರ ಕೈ ನಡುಗುತ್ತಾ?" ಎಂದು ಕೇಳಿದೆ.

"ಅವರ ಕೈಯಾ? ಕೂದಲಿನ ತುದೀಲಿ ಹರಳು ಎತ್ತಿ ಇಡ್ತಾರೆ ಅತ್ತಿಗೆ."

"ಹಾಗಾದ್ರೆ ಬುಧವಾರ ಬೆಳಿಗ್ಗೆ ನಮ್ಮನೆಗೆ ಬರೋಕೆ ಹೇಳು. ಪೂಜೆಗೆ ಉಡೋ ಪಂಚೆ ಒಂದು ಜೊತೇಲಿ ತರಲಿ."

"ಯಾಕೆ?"

"ನೀನು ಹೇಳು ಅಷ್ಟೆ."

ಬುಧವಾರ ಬೆಳಿಗ್ಗೆ ಮೇಷ್ಟ್ರು ಸ್ಕೂಟರಿನಲ್ಲಿ ಬಂದರು. ಐವತ್ತರ ವಯಸ್ಸು, ದಪ್ಪ ಕನ್ನಡಕ, ಬಗಲಲ್ಲಿ ಪೇಪರಿನಲ್ಲಿ ಸುತ್ತಿದ ರೇಷ್ಮೆ ಪಂಚೆ. ಅತ್ತೆ ಬಾಗಿಲಲ್ಲೇ ನಿಂತು, "ಬನ್ನಿ ಮೇಷ್ಟ್ರೇ, ಆದ್ರೆ ಸೂತಕದ ಮನೆ. ಕಾಫಿ ಕೊಡೋ ಹಾಗಿಲ್ಲ, ತಪ್ಪು ತಿಳೀಬೇಡಿ" ಎಂದರು.

"ಕೊಡಿ ತಾಯಿ, ಕುಡೀತೀನಿ. ಬೆಳಿಗ್ಗೆಯಿಂದ ಕುಡಿದಿಲ್ಲ."

"ಅಯ್ಯೋ, ನಿಮಗೆ ತಟ್ಟಲ್ವೇ?"

"ನಮ್ಮಲ್ಲಿ ಅದಿಲ್ಲಮ್ಮ. ನಮ್ಮ ಅಜ್ಜಿ ಹೇಳ್ತಿದ್ರು, ಎದೆ ಮೇಲೆ ಲಿಂಗ ಇರೋವಾಗ ಸೂತಕ ಎಲ್ಲಿಂದ ಬಂದೀತು ಅಂತ. ನಮ್ಮಪ್ಪ ಹೋದ ದಿನ ಸಂಜೆಯೂ ಪೂಜೆ ನಿಲ್ಲಿಸ್ಲಿಲ್ಲ ನಾವು."

ಅತ್ತೆ ಒಳಗಿಂದ ಕಾಫಿ ತಂದು, ಲೋಟ ಅವರ ಮುಂದೆ ಕೆಳಗಿಟ್ಟು ಅವರನ್ನೇ ನೋಡಿದರು. ನಾನು ಅದಕ್ಕೇ ಕಾದಿದ್ದೆ.

"ಅತ್ತೆ, ನಮಗೆ ಹತ್ತು ದಿನದ ಸೂತಕ. ಶಾಸ್ತ್ರಿಗಳಿಗೆ ಈಗ ಇಲ್ಲ, ಆದ್ರೆ ಅವರ ಮನೇಲೂ ಯಾವತ್ತೋ ಒಂದಿನ ಬರುತ್ತೆ. ಇವರಿಗೆ ಯಾವತ್ತೂ ಇಲ್ಲ. ಇವರಿಗಿಂತ ಶುದ್ಧ ಯಾರು ಸಿಗ್ತಾರೆ ಕೋಣೆ ಒಳಗೆ ಹೋಗೋಕೆ?"

ಹಾಲ್‌ನಲ್ಲಿ ಕೂತಿದ್ದ ಮಾವನವರು ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದುಕೊಂಡರು. ಪೇಪರು ಅಲುಗುತ್ತಿತ್ತು, ಒಳಗೆ ನಗುತ್ತಿದ್ದರು. ನಮ್ಮ ಮಡಿ ಬೇರೆ, ಅವರ ಮಡಿ ಬೇರೆ. ಬೇರೆ ಮಠದ ಸ್ವಂತ ಬೀಗರನ್ನೂ ಅತ್ತೆ ಆ ಹೊಸಿಲಿನ ಈಚೆಯೇ ಕೂರಿಸುತ್ತಿದ್ದರು. ಅವರು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು, ಬಿಟ್ಟರು, ಮತ್ತೆ ಮುಟ್ಟಿದರು.

"ನಿಮ್ಮದು ಇವತ್ತಿನ ಪೂಜೆ ಆಗಿದೆಯೇ?" ಎಂದು ಕೇಳಿದರು.

"ಆಯ್ತಮ್ಮ, ಸ್ನಾನ ಮಾಡಿ ಪೂಜೆ ಮುಗಿಸೇ ಬಂದೆ."

"ಸ್ಕೂಟರಲ್ಲಿ ಬಂದಿದೀರಾ, ರಸ್ತೇಲಿ ಏನೇನು ಮುಟ್ಟಿರ್ತೀರೋ. ಇನ್ನೊಂದು ಸ್ನಾನ ಮಾಡ್ಬೇಕಾಗುತ್ತೆ."

"ಆಗಲಿ."

"ಬಿಸಿನೀರು ನಮ್ಮ ಹಂಡೆದು, ಆಗಲ್ಲ. ಹಿತ್ತಲ ನಲ್ಲಿ ನೀರೇ."

ಜನವರಿಯ ಬೆಳಿಗ್ಗೆ ಎಂಟು ಗಂಟೆ. ಆ ನಲ್ಲಿಯ ನೀರು ಹಲ್ಲಿಗೆ ತಾಗಿದರೆ ತಲೆ ಜುಂ ಎನ್ನುತ್ತಿತ್ತು. ನಲ್ಲಿ ಕಾರ್ಪೊರೇಷನ್‌ದು, ಅದು ಯಾವ ವಂಶಕ್ಕೂ ಸೇರಿದ್ದಲ್ಲ ಎಂಬುದು ಅತ್ತೆಯ ತೀರ್ಮಾನ. ಮೇಷ್ಟ್ರು ಹಿತ್ತಲಿಗೆ ಹೋದರು. ಮೊದಲ ತಂಬಿಗೆಗೆ ಶಿವನ ಹೆಸರು ಕೇಳಿಸಿತು, ಎರಡನೆಯದಕ್ಕೆ ಇನ್ನೂ ಜೋರಾಗಿ ಕೇಳಿಸಿತು. ಗೋಡೆಯಾಚೆಯ ಆಕೆಯ ಕಿಟಕಿ ತೆರೆದುಕೊಂಡ ಸದ್ದೂ ಬಂತು. ಆ ಮಹಾನುಭಾವರು ಪಂಚೆಯುಟ್ಟು, ಮೈ ಮೇಲೆ ಲಿಂಗ, ಹಣೆಗೆ ವಿಭೂತಿ, ತುಟಿ ನೀಲಿ ಮಾಡಿಕೊಂಡು ಬಂದು ನಿಂತಾಗ ಅತ್ತೆ ತಮಗರಿಯದೆ ಕೈ ಮುಗಿದುಬಿಟ್ಟರು. ಗಂಟು ಬಿಚ್ಚಿ, ಕೀಲಿಯನ್ನು ತಮ್ಮ ಕೈಯಿಂದ ಕೊಡದೆ ನೆಲದ ಮೇಲಿಟ್ಟು ಹಿಂದೆ ಸರಿದರು.

"ನಮ್ಮ ಲ್ಯಾಬಲ್ಲೂ ಹೀಗೇ ತಾಯಿ" ಎಂದರು ಮೇಷ್ಟ್ರು ಬೀಗ ತೆಗೆಯುತ್ತಾ. "ಕೆಲವು ಪದಾರ್ಥ ಇವೆ, ಹೊರಗಿನ ಗಾಳಿ ತಾಕಿದ್ರೆ ಮುಗೀತು. ಅದಕ್ಕೆ ಗಾಜಿನ ಪೆಟ್ಟಿಗೆ, ಅದರೊಳಗೆ ಬೇರೆ ಗಾಳಿ. ನಾವು ಕೈಗವಸು 'ಉಟ್ಕೊಂಡು' ಒಳಗೆ ಕೈ ಹಾಕ್ಬೇಕು."

"ಅದನ್ನ ಮೊದ್ಲೇ ಹೇಳಿದ್ರೆ ಇವಳಿಗೆ ಮಡಿ ಕಲಿಸೋಕೆ ನನಗೆ ಇಷ್ಟು ವರ್ಷ ಕಷ್ಟ ಆಗ್ತಿರ್ಲಿಲ್ಲ" ಎಂದರು ಅತ್ತೆ.

ಒಳಗೆ ಹೋದ ಮೇಷ್ಟ್ರು ಮೊದಲು ಖಾಲಿ ಮಂಟಪಕ್ಕೆ ನಮಸ್ಕಾರ ಮಾಡಿದರು. ಅದು ಅತ್ತೆಯ ಕಣ್ಣಿಗೆ ಬಿತ್ತು. ಆಮೇಲೆ ಗೂಡಿನ ಕಡೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ನಾದಿನಿ ಹೊಸಿಲಿನ ಹೊರಗೆ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಎರಡು ದಿನ ಇತ್ತು.

"ಸರ್?" ಎಂದಳು.

ಅವರು ಪಂಚಾಂಗದ ಕಟ್ಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಸರ್, ಪುಡೀನಾ?"

ಅವರು ಎರಡು ಬೆರಳಲ್ಲಿ ಬಾಟಲಿ ಹಿಡಿದು, ತುಂಬಿದ ಕೊಡ ಹೊತ್ತವರಂತೆ ನಡೆದು ಬಂದು ಹಾಲ್‌ನ ಕಿಟಕಿಯ ಬೆಳಕಿಗೆ ಎತ್ತಿದರು. ಗಾಜಿನ ಗೋಡೆಗೆ ಕಿತ್ತಳೆ ಬಣ್ಣದ ಹರಳುಗಳು ಅಂಟಿಕೊಂಡಿದ್ದವು. ಏಳೋ ಎಂಟೋ. ಎಳ್ಳಿಗಿಂತ ಚಿಕ್ಕವು, ಆದರೆ ಅಂಚುಗಳು ಕತ್ತರಿಸಿಟ್ಟಷ್ಟು ನೇರ. ಮೇಷ್ಟ್ರು ಒದ್ದೆ ಮೈಯಲ್ಲೇ ನೆಲದ ಮೇಲೆ ಕೂತು ಹಿತ್ತಲಲ್ಲಿ ಕಳಚಿಟ್ಟ ಪ್ಯಾಂಟಿನ ಜೇಬಿನಿಂದ ಭೂತಗನ್ನಡಿ ತರಲು ಇವಳಿಗೆ ಹೇಳಿದರು. ಇಬ್ಬರ ತಲೆಯೂ ಬಾಟಲಿಯ ಮೇಲೆ ಸೇರಿದ ಮೇಲೆ ಅವರಿಗೆ ನಾವು ಯಾರೂ ಅಲ್ಲಿದ್ದದ್ದು ನೆನಪಿರಲಿಲ್ಲ.

"ಎಷ್ಟು ದಿನ ಮುಟ್ಟಿಲ್ಲ ಇದನ್ನ?"

"ಎಂಟು ದಿನ ಸರ್."

"ನೀನು ಎಂಟು ದಿನ ಮುಟ್ಟಿಲ್ಲ!" ಅವರು ತಲೆಯೆತ್ತಿ ಅತ್ತೆಯ ಕಡೆ ನೋಡಿದರು. "ಅಮ್ಮ, ನಮ್ಮ ಲ್ಯಾಬಿಗೂ ಒಂದು ಸೂತಕ ಕಳಿಸಿಕೊಡಿ. ಇಂಥ ಹುಡುಗರು ಇನ್ನೂ ಆರು ಜನ ಇದಾರೆ."

ಬಾಟಲಿಯನ್ನು ಹತ್ತಿಯಲ್ಲಿ ಸುತ್ತಿ, ನಮ್ಮ ಕಾಫಿಪುಡಿ ಡಬ್ಬಿಯಲ್ಲಿ ನಿಲ್ಲಿಸಿ, ನಾದಿನಿ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು. ಮುಂದೆ ಸ್ಕೂಟರಿನಲ್ಲಿ ಮೇಷ್ಟ್ರು ಹೋದರು. ಗುಂಡಿ ಬಂದ ಕಡೆಯೆಲ್ಲ ಎಡಗೈ ಎತ್ತಿ ಆಟೋದವನಿಗೆ ತೋರಿಸುತ್ತಾ ಹೋದರಂತೆ. ನಮ್ಮ ಊರಿನ ರಸ್ತೆಯಲ್ಲಿ ಅವರ ಎಡಗೈಗೆ ವಿಶ್ರಾಂತಿಯೇ ಸಿಕ್ಕಿರಲಿಕ್ಕಿಲ್ಲ. ಆ ರಾತ್ರಿ ಅವಳು ಬರಲಿಲ್ಲ, ಯಂತ್ರದ ಹತ್ತಿರವೇ ಉಳಿದಳು. ಮರುದಿನವೂ ಬರಲಿಲ್ಲ. ಶುಕ್ರವಾರ ಬಂದು ಸ್ನಾನ ಮಾಡಿ, ಮೂರು ಸಲ ಸಾರು ಹಾಕಿಸಿಕೊಂಡು ಉಂಡು, ಅಳತೆ ಮುಗಿದಿದೆ, ಲೆಕ್ಕ ಬಿಡಿಸುವುದು ಬಾಕಿ ಎಂದು ಹೇಳಿ ಮತ್ತೆ ಹೋದಳು. ಯಾರ ಮಾತು ಗೆಲ್ಲುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಶನಿವಾರ ಶುದ್ಧಿ. ಎಲ್ಲರೂ ತಲೆಗೆ ಸ್ನಾನ ಮಾಡಿ, ಹಾಸಿಗೆ ಬಟ್ಟೆಯೆಲ್ಲ ಒಗೆದು, ಮನೆಯ ಮೂಲೆ ಮೂಲೆ ತೊಳೆಯುತ್ತಿದ್ದೆವು. ಅತ್ತೆ ದೇವರ ಕೋಣೆ ಸಾರಿಸುತ್ತಿದ್ದರು. ಫೋನು ಬಂತು. ನಾನು ಒದ್ದೆ ಕಾಲಲ್ಲಿ ಓಡಿದೆ.

"ಅತ್ತಿಗೆ!" ಆ ಕಡೆ ಅವಳ ಧ್ವನಿ ಕಿರಿಚಿದಂತಿತ್ತು. "ಹಿಡ್ಕೊಂಡಿದೆ! ಕಾರ್ಬೀನು ಒಂದು ಆಸ್ಮಿಯಮ್ಮಿನ ಮೇಲೆ ಕೂತಿದೆ, ಬಾಲ ಪಕ್ಕದ ಆಸ್ಮಿಯಮ್ಮನ್ನ ಹಿಡ್ಕೊಂಡಿದೆ! ಬಾಲದಿಂದ ಒಂದು ಹೈಡ್ರೋಜನ್ ಕಳಚ್ಕೊಂಡು ಆ ಎರಡು ಲೋಹದ ಮಧ್ಯೆ ಹೋಗಿ ಕೂತಿದೆ. ನಾನು ಹೇಳಿದ್ದೇ! ಸರ್ ಒಪ್ಕೊಂಡ್ರು. ಈ ತಿಂಗಳೇ ಥೀಸಿಸ್ ಕೊಡು ಅಂದ್ರು."

ರಿಸೀವರನ್ನು ಎದೆಗೊತ್ತಿಕೊಂಡು ಅತ್ತೆಗೆ ಕೂಗಿ ಹೇಳಿದೆ: ಗೆದ್ದಳಂತೆ, ಥೀಸಿಸ್ ಆಗುತ್ತಂತೆ, ಅದು ಒಂದು ಮನೆಯಲ್ಲಿ ಕೂತು ಇನ್ನೊಂದು ಮನೆಯನ್ನೂ ಹಿಡಿದುಕೊಂಡಿದೆಯಂತೆ.

ಅತ್ತೆ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. "ಹಾಗಾದ್ರೆ ಅದಕ್ಕೆ ಎರಡೂ ಮನೆ ಸೂತಕ ತಟ್ಟುತ್ತೆ. ಪಾಪ."

ನಾನು ಅದನ್ನು ಫೋನಿನಲ್ಲಿ ಹೇಳಿದೆ. ಅವಳು ಪಕ್ಕದಲ್ಲಿದ್ದ ಮೇಷ್ಟ್ರಿಗೆ ಹೇಳಿದಳು. ತಂತಿಯ ಆ ತುದಿಯಲ್ಲಿ ದೊಡ್ಡ ನಗು ಕೇಳಿಸಿತು, ಆಮೇಲೆ ಅವರೇ ಫೋನು ತೆಗೆದುಕೊಂಡರು. "ಅಮ್ಮಾವರನ್ನ ಕೇಳಿ ಹೇಳ್ತೀರಾ? ಯಾವ ಮನೆಗೆ ಎಷ್ಟು ದಿನ?"

ಅತ್ತೆ ಕೈ ಒರೆಸಿಕೊಂಡು ಬಂದು, ನನ್ನ ಕೈಯಿಂದ ರಿಸೀವರು ತೆಗೆದುಕೊಂಡು, ಗೋಡೆಗೆ ಒರಗಿ ಕೂತರು. "ನೋಡಿ ಮೇಷ್ಟ್ರೇ, ಅದು ಮೊದಲು ಕೂತಿದ್ದು ಯಾವ ಮನೇಲಿ ಅಂತ ಸರಿಯಾಗಿ ಹೇಳಿ. ಹುಟ್ಟಿದ ಮನೆದಾದ್ರೆ ಮೂರೇ ದಿನ. ಸೇರಿದ ಮನೆದಾದ್ರೆ ಪೂರ್ತಿ ಹತ್ತು" ಎಂದು ಶುರು ಮಾಡಿದರು.